ಎಡಗಾಲಿನ ಸಾಕ್ಷಿ

ಕೆಟ್ಟಿರುವುದು ಬಲಗಾಲು, ಆ ಹುಡುಗಿ ಕೈಯಿಟ್ಟದ್ದು ಎಡಗಾಲಿನ ಹಿಮ್ಮಡಿಯ ಕೆಳಗೆ. ಹಾಸಿಗೆಗೂ ಹಿಮ್ಮಡಿಗೂ ನಡುವೆ ಅಂಗೈ ತೂರಿಸಿ, "ಸರ್, ಈಗ ಬಲಗಾಲು ಎತ್ತಿ, ಎಷ್ಟಾಗುತ್ತೋ ಅಷ್ಟು, ಹಾಂ, ಎತ್ತಿ" ಅಂದಳು. ಪೋಸ್ಟಣ್ಣ ಕಣ್ಣು ಮುಚ್ಚಿ, ತುಟಿ ಕಚ್ಚಿ, ಹಣೆಯ ಮೇಲೆ ಗೆರೆ ಎಬ್ಬಿಸಿ ಉಸಿರು ಬಿಗಿಹಿಡಿದ. ಬಲಗಾಲು ಯಾರೋ ಬಿಟ್ಟುಹೋದ ಸಾಮಾನಿನ ಹಾಗೆ ಹಾಸಿಗೆಯ ಮೇಲೆ ಬಿದ್ದೇ ಇತ್ತು. "ಬರ್ತಿಲ್ಲಮ್ಮ" ಅಂದ. ಹುಡುಗಿ ಕೈ ಹೊರಗೆಳೆದು, ತನ್ನ ಅಂಗೈಯನ್ನೇ ಒಂದು ಗಳಿಗೆ ನೋಡಿಕೊಂಡು, "ಸರಿ ಸರ್, ನಾಳಿದ್ದು ಮತ್ತೆ ನೋಡೋಣ" ಅಂತ ಚೀಲ ಹೆಗಲಿಗೇರಿಸಿದಳು. ಬಾಗಿಲಿಗೊರಗಿ ನಿಂತಿದ್ದ ಅವನ ಹೆಂಡತಿ ಬಣ್ಣದಕ್ಕನ ಮನಸ್ಸಿಗೆ ಕಾಲಿಗಿಂತ ಹೆಚ್ಚಾಗಿ ನಾಟಿದ್ದು ಆ ನೋಟ. ಅಂಗೈಯಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ್ದನ್ನು ಅಷ್ಟು ಹೊತ್ತು ಯಾರು ನೋಡುತ್ತಾರೆ?

ಮೆಟ್ಟಿಲವರೆಗೂ ಹಿಂದೆ ಹೋಗಿ ಕೇಳಿದಳು. "ಯಾಕಮ್ಮ, ಆ ಕಾಲಿಗೇನಾಗಿದೆ ಅಂತ ಅಲ್ಲಿ ಕೈಯಿಟ್ಟೆ?"

"ಸುಮ್ನೆ, ಅಕ್ಕ."

"ಸುಮ್ನೆ ಯಾರೂ ಯಾರ ಹಿಮ್ಮಡಿ ಕೆಳಗೂ ಕೈಯಿಡಲ್ಲ."

ಹುಡುಗಿ ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. ಆಸ್ಪತ್ರೆಯವರು ಕಳಿಸಿದ ಕಸರತ್ತಿನ ಹುಡುಗಿ ಅವಳು. ಚಿಕ್ಕವಳಾದರೂ ಮಾತು ಅಳೆದು ಆಡುವವಳು. "ಮೂಳೆ ಕೂಡಿಕೊಂಡಿದೆ ಅಕ್ಕ. ನರ ಚೆನ್ನಾಗಿದೆ. ಕರೆಂಟು ಹಿಡಿದ್ರೆ ತೊಡೆ ಕುಣಿಯುತ್ತೆ, ನೀವೇ ನೋಡಿದೀರಲ್ಲ. ಇನ್ನು ಅವರು ಎತ್ತಬೇಕು, ಅಷ್ಟೆ. ಹೀಗೇ ಬಿಟ್ರೆ ಮಂಡಿ ಬಿಗಿದುಕೊಳ್ಳುತ್ತೆ. ಆಮೇಲೆ ನಾನಲ್ಲ, ನಮ್ಮ ದೊಡ್ಡ ಡಾಕ್ಟ್ರು ಬಂದ್ರೂ ಬಗ್ಗಲ್ಲ."

"ಎತ್ತಬೇಕು ಅಂದ್ರೆ? ಈಗ ಎತ್ತೋಕೆ ನೋಡ್ತಾ ಇಲ್ವಾ ಅವರು?"

"ನಾನು ಹಾಗಂದ್ನಾ?" ಅಂದ ಹುಡುಗಿ ಎರಡು ಮೆಟ್ಟಿಲಿಳಿದು ತಿರುಗಿದಳು. "ನೀವೇ ಒಂದು ಸಲ ಮಲಗಿ, ಒಂದು ಕಾಲು ಎತ್ತಿ ನೋಡಿ ಅಕ್ಕ. ಇನ್ನೊಂದು ಕಾಲು ಏನು ಮಾಡುತ್ತೆ ಅಂತ."

ಕಾರ್ಖಾನೆಯ ದಾರಿಯುದ್ದಕ್ಕೂ ಬಣ್ಣದಕ್ಕ ಜನರ ಕಾಲುಗಳನ್ನೇ ನೋಡಿದಳು. ಮೊದಲಿಂದಲೂ ಅದೊಂದು ಚಾಳಿ. ಚಪ್ಪಲಿ ಹೊಲಿಯುವವನ ಕಣ್ಣು ಚಪ್ಪಲಿಗೆ ಹೋಗುವ ಹಾಗೆ ಅವಳ ಕಣ್ಣು ಚರ್ಮದ ಅಡಿಗೆ ಹೋಗುತ್ತಿತ್ತು. ಬಸ್ಸಿನ ಹಿಂದೆ ಓಡುವವಳ ಮೀನಖಂಡ ಮೇಲಕ್ಕೇರಿ ಗಂಟಾಗುವುದು, ಮೂಟೆ ಹೊತ್ತವನ ಕತ್ತಿನ ಪಕ್ಕದಲ್ಲಿ ಹುರಿ ಎದ್ದು ನಿಲ್ಲುವುದು, ಅಳುವ ಮಗುವಿನ ಗಲ್ಲದಲ್ಲಿ ಅಳು ಬರುವ ಮೊದಲೇ ಒಂದು ಗುಳಿ ನಡುಗುವುದು. ಕೈ ನೋಡಿ ಕಸುಬು ಹೇಳಬಲ್ಲಳು ಅವಳು. ಆದರೆ ಮನೆಯಲ್ಲೇ ಮಲಗಿರುವ ಗಂಡನ ಕಾಲು ಸುಳ್ಳಾಡುತ್ತಿದೆಯೋ ನಿಜ ಆಡುತ್ತಿದೆಯೋ ತಿಳಿಯದೆ ಹೋಯಿತಲ್ಲ! ಛೆ, ಸುಳ್ಳು ಅನ್ನುವ ಮಾತು ಯಾಕೆ ಬಂತು? ಆ ಹುಡುಗಿ ಹೇಳಿಲ್ಲ, ತಾನೇ ಹೇಳಿಕೊಂಡದ್ದು. ರಾತ್ರಿ ಮೂತ್ರದ ಪಾತ್ರೆ ಇಟ್ಟುಕೊಡುವಾಗ ಅವನು ಗೋಡೆಯ ಕಡೆ ಮುಖ ತಿರುಗಿಸುತ್ತಾನೆ. ಬೇಕೆಂದೇ ಮಲಗಿರುವವನು ಆ ಅವಮಾನವನ್ನು ದಿನದಿನವೂ ಕೊಂಡುಕೊಳ್ಳುತ್ತಾನೆಯೇ? ಆದರೆ ಕರೆಂಟಿಗೆ ಕುಣಿದ ತೊಡೆ ಗಂಡನ ಮಾತಿಗೆ ಯಾಕೆ ಕುಣಿಯುವುದಿಲ್ಲ? ಯಂತ್ರದ ಮಾತು ಕೇಳುವ ಕಾಲು ಯಜಮಾನನ ಮಾತು ಕೇಳುವುದಿಲ್ಲವೆಂದರೆ ತಪ್ಪು ಕಾಲಿನದಲ್ಲ. ಅಥವಾ ಯಜಮಾನ ಮಾತೇ ಆಡಿಲ್ಲ. ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮುಚ್ಚಿದ ಡಬ್ಬಿ ಅಲ್ಲಾಡಿಸಿ ಒಳಗೇನಿದೆ ಎಂದು ಕಿವಿಗೊಡುವವರ ಕುತೂಹಲ ಮಾತ್ರ ಬಂತು, ಅದಕ್ಕೆ ತನ್ನ ಮೇಲೇ ನಾಚಿಕೆಯಾಯಿತು.

ಕಾರ್ಖಾನೆಯೆಂದರೆ ಉದ್ದದ ಒಂದೇ ಕೋಣೆ. ಯಜಮಾನರು ಹಿಂದೆ ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದವರಾದ್ದರಿಂದ ಎಲ್ಲರಿಗೂ ಮೇಷ್ಟ್ರು. ಮನುಷ್ಯನ ಒಳಗಿರುವುದನ್ನೆಲ್ಲ ಪ್ಲಾಸ್ಟರಿನಲ್ಲಿ ಮಾಡಿ ಶಾಲೆ ಕಾಲೇಜುಗಳಿಗೆ ಕಳಿಸುವುದು ಅವರ ವ್ಯಾಪಾರ: ಕಿವಿ, ಹಲ್ಲು, ಹೃದಯ, ಚರ್ಮ ಸುಲಿದ ತೋಳು. ಗಾರೆಯಮ್ಮ ಅಚ್ಚಿಗೆ ಸುರಿಯುತ್ತಾಳೆ, ಬಣ್ಣದಕ್ಕ ಬಣ್ಣ ಬಳಿಯುತ್ತಾಳೆ. ಇವತ್ತು ಅವಳ ಮೇಜಿನ ಮೇಲೆ ಕಾಯುತ್ತಿದ್ದುದು ಗಂಡನದೇ ಅಚ್ಚಿನ ಕಾಲು. ಮದುವೆಯಾದ ಹೊಸತರಲ್ಲಿ ಪೋಸ್ಟಣ್ಣ ಊಟದ ಡಬ್ಬಿ ಕೊಡಲು ಬಂದಿದ್ದ. ಬೀದಿಯಲ್ಲಿ ನೀರು ನಿಂತಿತ್ತೆಂದು ಪ್ಯಾಂಟು ಮಂಡಿಯವರೆಗೆ ಮಡಚಿದ್ದ. ಮೇಷ್ಟ್ರು ಕನ್ನಡಕ ಏರಿಸಿ, "ಏನಯ್ಯಾ ಇದು! ಕಾಗದ ಹಂಚೋಕೆ ಇಷ್ಟು ಕಾಲು ಬೇಕಾ? ಬಾ ಇಲ್ಲಿ" ಅಂತ ಹಿಡಿದು ಕೂರಿಸಿ ಅಚ್ಚು ತೆಗೆದರು. ಪ್ಲಾಸ್ಟರು ಗಟ್ಟಿಯಾಗುತ್ತ ಬಿಸಿಯೇರಿದಾಗ ಅವನು ಕಚಗುಳಿಯಾದವನಂತೆ ನಕ್ಕಿದ್ದ, ಬಿಡಿಸುವಾಗ ರೋಮ ಕಿತ್ತುಬಂದು ಕೂಗಿದ್ದ. ಆಮೇಲೆ ಮೇಷ್ಟ್ರು ಅಚ್ಚಿನಿಂದ ತೆಗೆದ ಕಾಲಿನ ಚರ್ಮವನ್ನು ಕೆತ್ತಿ ಕೆತ್ತಿ ತೆಗೆದು, ಅಡಿಯಲ್ಲಿದ್ದದ್ದನ್ನು ಬಿಡಿಸಿಟ್ಟರು. ಎರಡು ತಲೆಯ ಮೀನಖಂಡ, ಅದರ ಅಡಿಗೆ ಚಪ್ಪಟೆ ಮೀನಿನಂಥ ಇನ್ನೊಂದು, ಎರಡೂ ಸೇರಿ ಹಿಮ್ಮಡಿಗಿಳಿಯುವ ಬಿಳಿ ಹುರಿ. ಆ ಅಚ್ಚು ಇನ್ನೂ ನಡೆಯುತ್ತಿದೆ. "ಎಷ್ಟು ಶಾಲೆಯ ಮೇಜಿನ ಮೇಲೆ ನಾನು ಒಂಟಿಕಾಲಲ್ಲಿ ನಿಂತಿದೀನಿ ಗೊತ್ತಾ?" ಎಂದು ನೆಂಟರೆದುರು ಹೇಳಿಕೊಳ್ಳುವುದು ಪೋಸ್ಟಣ್ಣನ ಖಾಯಂ ಹಾಸ್ಯ. ಅವಳು ಅದನ್ನು ಬಳಿಯುತ್ತ ಬಂದಿದ್ದಳು, ಅದು ಮುದಿಯಾಗಲಿಲ್ಲ. ಬಿದ್ದ ದಿನ ಬೆಳಿಗ್ಗೆ ಅವನು ಮಂಚದ ತುದಿಯಲ್ಲಿ ಕೂತು ಸಾಕ್ಸು ಎಳೆದುಕೊಳ್ಳುತ್ತಿದ್ದ. "ರೀ, ಈಗ ಈ ಕಾಲು ತೋರಿಸಿದ್ರೆ ಮೇಷ್ಟ್ರು ವಾಪಸ್ ಕಳಿಸ್ತಾರೆ" ಅಂದುಬಿಟ್ಟಳು. ಅವನೂ ನಕ್ಕ. ಮಧ್ಯಾಹ್ನ ಯಾವುದೋ ಕಟ್ಟಡದ ಮೆಟ್ಟಿಲ ಮೇಲೆ ಬಿದ್ದ. ಎರಡೆರಡು ಮೆಟ್ಟಿಲು ಹಾರಿ ಹತ್ತುತ್ತಿದ್ದನಂತೆ, ನೋಡಿದವರು ಹೇಳಿದರು. ಕಾಗದಗಳೆಲ್ಲ ಚೆಲ್ಲಿ, ತೊಡೆಯ ಮೂಳೆ ಮುರಿದು ಬಿದ್ದವನನ್ನು ಹತ್ತಿ ಇಳಿಯುವವರು ಕುಡಿದಿದ್ದಾನೆಂದು ಬಗೆದು ಪಕ್ಕಕ್ಕೆ ಸರಿದು ಹೋದರಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ, ಅವನೂ ಎತ್ತಿರಲಿಲ್ಲ. ಎತ್ತದಿರುವುದೇ ಶಿಕ್ಷೆಯೋ? ಮಾತನ್ನೂ ಎತ್ತುವುದಿಲ್ಲ, ಕಾಲನ್ನೂ ಎತ್ತುವುದಿಲ್ಲ: ನೀನು ಬೇಡವೆಂದ ಕಾಲು, ನೀನೇ ಹೊರು.

"ಇದು ಕಾಲೋ, ಕೆಂಪು ಮೆಣಸಿನಕಾಯೋ?"

ಮೇಷ್ಟ್ರ ದನಿ. ಬಣ್ಣದಕ್ಕ ತಲೆ ತಗ್ಗಿಸಿ ನೋಡಿದಳು. ಕುಂಚ ಮೀನಖಂಡದ ಗಡಿ ದಾಟಿ, ಬಿಳಿಯಾಗಿ ಉಳಿಯಬೇಕಿದ್ದ ಹುರಿಯನ್ನೂ ನುಂಗಿ, ಹಿಮ್ಮಡಿಯವರೆಗೆ ಒಂದೇ ಕೆಂಪು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಮಾಡುವ ತಪ್ಪು. "ಹುರಿ ಎಲ್ಲಿ? ಮೂಳೆ ಹಿಡಿಯೋದು ಯಾವುದು? ಮಾಂಸ ಎಷ್ಟು ಎಳೆದರೇನು, ಹುರಿ ಇಲ್ಲದಿದ್ದರೆ ಗಾಳಿ ಎಳೀತದೆ. ಮಕ್ಕಳು ಇದನ್ನು ನೋಡಿ ಕಲಿಯೋದು ತಾಯಿ!" ಅವರು ಕೂಗಲಿಲ್ಲ, ಅದೇ ಕಷ್ಟ. "ಬಿಡು, ಇದನ್ನ ನಾಳೆ ಕೆರೆದು ಹಾಕೋಣ. ನೀನಿವತ್ತು ಪಟ್ಟೆ ಬಳಿ. ಅದಕ್ಕೆ ತಲೆ ಬೇಡ, ಕೈ ಸಾಕು."

ಪಟ್ಟೆಯೆಂದರೆ ಯಾವುದೋ ಕಾಲೇಜಿಗೆಂದು ಹೊಸದಾಗಿ ಮಾಡಿದ ಮಾದರಿ. ಸ್ನಾಯುವನ್ನು ಅಡ್ಡಕ್ಕೆ ಕತ್ತರಿಸಿ ಒಳಗಿನದನ್ನು ದೊಡ್ಡದು ಮಾಡಿ ತೋರಿಸುವುದು. ಹೊರಗೆ ಈರುಳ್ಳಿ ಪೊರೆಯಂಥ ಒಂದು ಹೊದಿಕೆ. ಅದರೊಳಗೆ ಕಡ್ಡಿಗಳ ಕಟ್ಟುಗಳು, ಪ್ರತಿ ಕಟ್ಟಿಗೂ ತನ್ನದೇ ಪೊರೆ. ಒಂದು ಕಟ್ಟು ಬಿಚ್ಚಿದರೆ ಒಂದೊಂದು ಎಳೆಗೂ ಮತ್ತೆ ಪೊರೆ. ಎಳೆಯೊಳಗೆ ಇನ್ನೂ ಸಣ್ಣ ಎಳೆ, ಅದರ ಮೈಮೇಲೆ ಕಪ್ಪು ಬಿಳುಪು ಪಟ್ಟೆ. ಮುಚ್ಚಿದ್ದರೊಳಗೆ ಮುಚ್ಚಿದ್ದು. ಅವಳು ತುದಿಯ ಕುಂಚ ಹಿಡಿದು ಪಟ್ಟೆ ಎಳೆಯುತ್ತ ಹೋದಳು. ಇವು ಕುಗ್ಗುವುದಿಲ್ಲ, ಎದುರುಬದುರು ಹಿಡಿದ ಎರಡು ಬಾಚಣಿಗೆಗಳ ಹಲ್ಲು ಹಲ್ಲಿನೊಳಗೆ ಸರಿಯುವ ಹಾಗೆ ಒಂದರ ನಡುವೆ ಒಂದು ಜಾರಿ ಹೋಗುತ್ತವೆ, ಅದರಿಂದಲೇ ಸ್ನಾಯು ಗಿಡ್ಡವಾಗುವುದು ಎಂದು ಮೇಷ್ಟ್ರು ನಿನ್ನೆ ಹೇಳಿದ್ದರು. ಯಾರೂ ತಮ್ಮಷ್ಟಕ್ಕೆ ಚಿಕ್ಕವರಾಗುವುದಿಲ್ಲ, ಹತ್ತಿರ ಬರುತ್ತಾರೆ, ಅಷ್ಟೆ. ಮನೆಯಲ್ಲಿ ಮಾತ್ರ ತಾವಿಬ್ಬರೂ ಪಕ್ಕಪಕ್ಕದಲ್ಲಿ ಮಲಗಿಯೂ ಒಂದು ಹಲ್ಲೂ ಕೂಡದೆ ಇದ್ದೇವೆ.

ಮಧ್ಯಾಹ್ನ ಮೇಷ್ಟ್ರು ಊಟಕ್ಕೆ ಹೋದದ್ದೇ ತಡ, ಬಣ್ಣದಕ್ಕ ಹಳೆ ಪೇಪರು ಹಾಸಿ ನೆಲದ ಮೇಲೆ ಅಂಗಾತ ಮಲಗಿದಳು. ಕೈ ತೊಳೆಯುತ್ತಿದ್ದ ಗಾರೆಯಮ್ಮ ಗಾಬರಿಯಾದಳು.

"ಏನೇ ಇದು? ಅಚ್ಚು ತೆಗೆಯೋಕೆ ಮಲಗಿದೀಯಾ? ಅಷ್ಟು ಪ್ಲಾಸ್ಟರು ಇಲ್ಲ ಕಣೇ ನಮ್ಮಲ್ಲಿ."

"ಬಾಯ್ಮುಚ್ಕೊಂಡು ನನ್ನ ಎಡಗಾಲ ಹಿಮ್ಮಡಿ ಕೆಳಗೆ ಕೈಯಿಡು."

"ಈ ವಯಸ್ಸಲ್ಲಿ ನಿನ್ನ ಕಾಲು ಹಿಡೀಬೇಕಾ ನಾನು?"

"ಹಿಡೀ ಅಂದೆ."

ಗಾರೆಯಮ್ಮ ಗೊಣಗುತ್ತ ಕೈಯಿಟ್ಟಳು. ಬಣ್ಣದಕ್ಕ ಬಲಗಾಲು ಎತ್ತಿದಳು. "ಅಯ್ಯಯ್ಯೋ, ಬೆರಳು! ತುಳೀತೀಯಲ್ಲೇ!" ಎಂದು ಗಾರೆಯಮ್ಮ ಕೈ ಕಿತ್ತುಕೊಂಡಳು. ಬಣ್ಣದಕ್ಕ ಎಡಗಾಲಿಗೆ ಏನೂ ಹೇಳಿರಲಿಲ್ಲ, ಅದರ ನೆನಪೂ ಮಾಡಿಕೊಂಡಿರಲಿಲ್ಲ. ಮತ್ತೊಮ್ಮೆ ಮಾಡಿದಳು. ಬಲಗಾಲು ಏಳುವ ಮೊದಲೇ ಎಡಗಾಲು ನೆಲವನ್ನು ಒತ್ತಿ ಹಿಡಿಯುತ್ತಿತ್ತು, ತಮ್ಮ ಏಣಿ ಹತ್ತುವಾಗ ಕೇಳದೆಯೇ ಬಂದು ಏಣಿಯ ಬುಡ ಹಿಡಿಯುವ ಅಣ್ಣನ ಹಾಗೆ. ಈಗ ಗಾರೆಯಮ್ಮನಿಗೆ ಬಲಗಾಲ ಮೇಲೆ ಕೂತುಬಿಡು ಅಂದಳು. ಭಾರಕ್ಕೆ ಕಾಲು ಏಳಲಿಲ್ಲ, ಆದರೂ ಎಡಹಿಮ್ಮಡಿ ನೆಲಕ್ಕೆ ಇಳಿಯಿತು. ಇನ್ನೊಂದು ಬಾಕಿ ಇತ್ತು. ಈ ಸಲ ಮುಖವನ್ನಷ್ಟೇ ಕಿವುಚಿ, ಉಸಿರು ಬಿಗಿಹಿಡಿದು, ಕಾಲೆತ್ತುವ ನಾಟಕ ಮಾಡಿದಳು. ಎಡಗಾಲು ಹಗುರಾಗಿ ಮಲಗಿಯೇ ಇತ್ತು. ಏಣಿ ಹತ್ತುವವರೇ ಇಲ್ಲದಿದ್ದರೆ ಬುಡ ಹಿಡಿಯುವವನು ಯಾಕೆ ಬರುತ್ತಾನೆ? ಪೇಪರಿನ ಮೇಲೆ ಮಲಗಿದ್ದ ಹಾಗೇ ಅವಳಿಗೆ ಹೊಳೆಯಿತು. ಬೆಳಿಗ್ಗೆ ಆ ಹುಡುಗಿ ತನ್ನ ಅಂಗೈಯಲ್ಲಿ ನೋಡಿಕೊಂಡದ್ದು ಇದನ್ನೇ.

ಊಟ ಮುಗಿಸಿ ಬಂದ ಮೇಷ್ಟ್ರನ್ನು, ಪಟ್ಟೆ ಬಳಿಯುತ್ತಲೇ, ತಲೆಯೆತ್ತದೆ ಕೇಳಿದಳು. "ಮೇಷ್ಟ್ರೇ, ಈ ಎಳೆಗಳಿಗೆ ಅರೆಮನಸ್ಸು ಅಂತ ಇರುತ್ತಾ? ಸ್ವಲ್ಪ ಎಳೆದ ಹಾಗೆ ಮಾಡಿ ಬಿಟ್ಟುಬಿಡೋದು?"

"ಎಳೆಗಾ? ಇಲ್ಲಮ್ಮ. ನರದಿಂದ ಕರೆ ಬಂದರೆ ಒಂದೊಂದು ಎಳೆಯೂ ಪೂರ್ತಿ ಎಳೀತದೆ, ಬರದಿದ್ದರೆ ಇಲ್ಲ. ಹೂ ಎತ್ತುವಾಗ ಕೆಲವಕ್ಕೆ ಕರೆ ಹೋಗುತ್ತೆ, ಕೊಡ ಎತ್ತುವಾಗ ಊರಿಗೆಲ್ಲ. ಮತ್ತೆ ಇವಕ್ಕೆ ಎಳೆಯೋದು ಬಿಟ್ಟು ಬೇರೆ ವಿದ್ಯೆ ಬರಲ್ಲ. ನೀನು ಬಾಗಿಲು ತಳ್ಳಿದೆ ಅಂದ್ಕೋತೀಯ, ತೋಳಿನ ಹಿಂದಿನದು ಎಳೆದಿರುತ್ತೆ, ಮುಂದಿನದು ಬಿಟ್ಟುಕೊಟ್ಟಿರುತ್ತೆ. ಎರಡೂ ಎಳೆದ್ರೆ ಕೈ ಅಲ್ಲೇ ಸೆಟೆದು ನಿಲ್ಲುತ್ತೆ."

"ತುಂಬ ದಿನ ಕರೆಯೇ ಬರದಿದ್ರೆ?"

"ಸಣಕಲಾಗ್ತವೆ. ಹಾಗಂತ ಮನೆ ಬಿಟ್ಟು ಹೋಗಲ್ಲ, ಅಲ್ಲೇ ಇರ್ತವೆ, ಕಾಯ್ಕೊಂಡು." ಮೇಷ್ಟ್ರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ಆ ಮೂಲೆ ಪಟ್ಟೆ ಡೊಂಕಾಗಿದೆ ನೋಡು" ಅಂದರು.

ಸಂಜೆ ಮನೆಗೆ ಬಂದಾಗ ಪೋಸ್ಟಣ್ಣ ದಿಂಬಿಗೊರಗಿ ಕಿಟಕಿಯಾಚೆ ನೋಡುತ್ತಿದ್ದ. ಬದಲಿಗೆ ಬಂದ ಪೋಸ್ಟಿನವನು ಎದುರುಮನೆಯ ಪೆಟ್ಟಿಗೆಗೆ ಕಾಗದವನ್ನು ತಲೆಕೆಳಗಾಗಿ ತುರುಕಿದನೆಂದು ಬೈದ. ಅವಳು ಚಹಾ ಕೊಟ್ಟಳು, ಹಾಲು ಕಡಿಮೆಯೆಂದು ಅವನು ಅಂದ, ಇದ್ದಷ್ಟು ಹಾಕಿದೆ ಎಂದು ಅವಳು ಅಂದಳು. ದಿನದ ಮಾತುಗಳು ದಿನದ ಜಾಗದಲ್ಲೇ ಇದ್ದವು. ಆಮೇಲೆ ಎಣ್ಣೆಯ ಬಟ್ಟಲು ತಂದು ಕಾಲ ಬಳಿ ಕೂತಳು. ಗಂಡನಿಗೆ ಗೊತ್ತಿಲ್ಲದೆ ಅವನದೇ ಕಾಲನ್ನು ವಿಚಾರಣೆಗೆ ಕರೆಯುತ್ತಿದ್ದೇನೆ ಅನ್ನಿಸಿ ಕೈ ಹಿಂಜರಿಯಿತು. ಬಲತೊಡೆ ಅವಳ ಮುಷ್ಟಿಗೆ ಸಿಗುವಷ್ಟು ಸೊರಗಿತ್ತು, ಮಂಡಿಚಿಪ್ಪು ಮಾತ್ರ ದೊಡ್ಡದಾಗಿ ಕಾಣುತ್ತಿತ್ತು. ಎಡಹಿಮ್ಮಡಿಗೆ ಎಣ್ಣೆ ಸವರುತ್ತ, ಅಂಗೈಯನ್ನು ಅಲ್ಲೇ ಅಡಿಯಲ್ಲಿ ಉಳಿಸಿಕೊಂಡಳು.

"ಒಂದ್ಸಲ ಬಲಗಾಲು ಎತ್ತಿ ನೋಡಿ."

"ಬೆಳಿಗ್ಗೆ ಆಯ್ತಲ್ಲ."

"ನನಗೋಸ್ಕರ."

ಅವನು ಕಣ್ಣು ಮುಚ್ಚಿದ, ತುಟಿ ಕಚ್ಚಿದ, ಹಣೆಯಲ್ಲಿ ಗೆರೆ ಎದ್ದವು. ಅವಳ ಅಂಗೈಯ ಮೇಲೆ ಎಡಗಾಲು ನಿದ್ದೆ ಹೋದ ಮಗುವಿನ ತಲೆಯ ಹಾಗೆ ಸುಮ್ಮನೆ ಇತ್ತು. ಅವನು ಉಸಿರುಬಿಟ್ಟು "ನೋಡಿದ್ಯಲ್ಲ, ಬರಲ್ಲ" ಅಂದಾಗಲೂ ಹಾಗೇ ಇತ್ತು. ಅವಳಿಗೆ ಅಳು ಬರಬಹುದಿತ್ತು. ಅದರ ಬದಲು ಅವಳು ಆ ಮುಖವನ್ನು ನೋಡಿದಳು, ಅಷ್ಟೊಂದು ಗೆರೆ, ಅಷ್ಟೊಂದು ದುಡಿಮೆ. ಮುಖದ ಸ್ನಾಯುಗಳೆಲ್ಲ ಕಾಲಿನ ಪಾಲಿನ ಕೆಲಸವನ್ನೂ ತಾವೇ ಮಾಡಿ ಸುಸ್ತಾಗಿದ್ದವು. ಪಾಪ ಅನ್ನಿಸಿತು.

"ರೀ," ಅಂದಳು, "ನಿಮ್ಮ ಎಡಗಾಲು ನಿಮ್ಮ ಮೇಲೆ ಚಾಡಿ ಹೇಳ್ತಿದೆ."

"ಏನಂತೆ?"

ಅವಳು ಹೇಳಿದಳು. ಪೇಪರು, ಗಾರೆಯಮ್ಮ, ಏಣಿ, ಎಲ್ಲ. ಮುಚ್ಚಿಡಲಿಲ್ಲ. ಪೋಸ್ಟಣ್ಣ ಗೋಡೆಯ ಕಡೆ ತಿರುಗಿದ. ಕತ್ತಿನ ಹುರಿ ಎದ್ದು ನಿಂತದ್ದು ಅವಳಿಗೆ ಕಂಡಿತು. ಹೊರಗೆ ಯಾರೋ ಸೈಕಲ್ಲು ಒರಗಿಸಿ ಮತ್ತೆ ತೆಗೆದುಕೊಂಡು ಹೋದರು.

"ಕಾರಣ ನಾನೇ ಅಲ್ವಾ?" ಅವಳೇ ಮುಂದುವರಿಸಿದಳು. "ಆವತ್ತು ಬೆಳಿಗ್ಗೆ ಕಾಲಿನ ಬಗ್ಗೆ ಅಂದೆನಲ್ಲ. ಅದಕ್ಕೇ ನೀವು ಎರಡೆರಡು ಮೆಟ್ಟಿಲು..."

"ಮೆಟ್ಟಿಲು ಒರೆಸಿದ್ರು ಕಣೇ, ಒದ್ದೆ ಇತ್ತು." ಗೋಡೆಗೇ ಹೇಳಿದ. "ನಿನ್ನ ಮಾತಿಗೆ ಆಳು ಬೀಳಿಸೋ ಬಲ ಇದೆ ಅಂದ್ಕೊಂಡಿದೀಯಾ? ಇದ್ದಿದ್ರೆ ನಾನು ಮದುವೆಯಾದ ವಾರವೇ ಬೀಳ್ತಿದ್ದೆ." ನಗು ಬರುವ ಜಾಗದಲ್ಲಿ ಬರಲಿಲ್ಲ. ದನಿ ಇಳಿಸಿ ಅಂದ, "ಬಿದ್ದೋನು ಏಳೋಕೆ ನೋಡ್ದೆ ಅಲ್ಲೇ. ನೋಡ್ದೆ ನೋಡ್ದೆ, ಕಾಲು ಇಲ್ಲವೇ ಇಲ್ಲ ಅನ್ನೋ ಹಾಗಿತ್ತು. ಜನ ದಾಟ್ಕೊಂಡು ಹೋದ್ರು. ಒಬ್ಬ ಹೆಂಗಸು ಸೀರೆ ಎತ್ತಿ ಹಿಡ್ಕೊಂಡು ದಾಟಿದ್ಲು. ಎತ್ತೋಕೆ ಹೋಗೋದು, ಏಳದೆ ಇರೋದು, ಅದು ಹೇಗಿರುತ್ತೆ ಅಂತ ನಿನಗೆ ಗೊತ್ತಿಲ್ಲ. ಈಗ ಎತ್ತಿಲ್ಲ, ಅಷ್ಟೆ. ಎತ್ತೋಕಾಗಲ್ಲ ಅಂತ ಇನ್ನೂ ಗೊತ್ತಾಗಿಲ್ಲ. ಗೊತ್ತಾಗದೆ ಇರಲಿ ಅಂತ."

ಬಣ್ಣದಕ್ಕನ ಬಾಯಲ್ಲಿ ಸಾಂತ್ವನದ ಮಾತುಗಳು ಸಾಲಾಗಿ ಬಂದು ನಿಂತವು. ಖಂಡಿತ ಏಳುತ್ತೆ, ಹೆದರಬೇಡಿ, ನಾನಿದ್ದೀನಿ. ಅವನ್ನೆಲ್ಲ ನುಂಗಿದಳು. ಏಳುತ್ತದೆಂದು ಅವಳಿಗೇನು ಗೊತ್ತು?

"ನನಗೂ ಗೊತ್ತಿಲ್ಲ," ಅಂದಳು. "ಏಳುತ್ತೋ ಇಲ್ವೋ. ಆದ್ರೆ ನೋಡ್ಬೇಕು ಅಂತ ಆಸೆ. ಏಳದಿದ್ರೆ ಇಬ್ರಿಗೂ ಒಟ್ಟಿಗೇ ಗೊತ್ತಾಗಲಿ. ನೀವೊಬ್ರೇ ಇಟ್ಕೋಬೇಡಿ."

ಅವನು ಈ ಕಡೆ ತಿರುಗಿದ. "ಈಗ ಗುಟ್ಟು ಗೊತ್ತಾಯ್ತಲ್ಲ, ಎಡಗಾಲು ಬೇಕಂತಲೇ ಒತ್ತಿ ನಿನಗೆ ಟೋಪಿ ಹಾಕ್ತೀನಿ."

"ಹಾಕಿ ನೋಡಿ. ತೊಡೆಯ ಸ್ನಾಯು ಎಳೆದ್ರೆ ಮಂಡಿಚಿಪ್ಪು ಮೇಲಕ್ಕೆ ಸರೀಬೇಕು. ಅದಕ್ಕೆ ಹೇಗೆ ಟೋಪಿ ಹಾಕ್ತೀರಿ?" ಒಂದು ಕೈ ಎಡಹಿಮ್ಮಡಿಯ ಕೆಳಗೇ ಇತ್ತು, ಇನ್ನೊಂದರ ಹೆಬ್ಬೆರಳನ್ನು ಬಲಮಂಡಿಯ ಚಿಪ್ಪಿನ ಅಂಚಿಗೆ ತಾಗಿಸಿದಳು.

ಬಹಳ ಹೊತ್ತು ಏನೂ ಆಗಲಿಲ್ಲ. ಈ ಸಲ ಅವನ ಮುಖದಲ್ಲಿ ಗೆರೆಗಳಿರಲಿಲ್ಲ. ಮುಖವೇ ಇರಲಿಲ್ಲ ಎನ್ನಬೇಕು. ದೂರದಲ್ಲಿ ಯಾರೋ ತನ್ನ ಹೆಸರು ಕರೆದರೇ ಎಂದು ಕಿವಿಗೊಟ್ಟವನಂತೆ ಬರಿದಾಗಿ, ಬಾಯಿ ಸ್ವಲ್ಪ ತೆರೆದು, ಮಗುವಿನಂತೆ ಹೆದರಿ ಮಲಗಿದ್ದ. ಆಮೇಲೆ ಅವಳ ಅಂಗೈಯ ಮೇಲೆ ಭಾರ ಇಳಿಯಿತು. ಮೊದಲು ಮೆಲ್ಲಗೆ, ಆಮೇಲೆ ಇಡೀ ಆಳಿನ ಭಾರ. ಬೆರಳ ಗೆಣ್ಣುಗಳು ಹಾಸಿಗೆಯ ಹತ್ತಿಯೊಳಗೆ ಹೂತವು, ಬಳೆ ಮಣಿಕಟ್ಟಿಗೆ ಒತ್ತಿತು. ಹೆಬ್ಬೆರಳಿನ ಕೆಳಗೆ ಚಿಪ್ಪು ನಡುಗಿತು, ತೊಡೆಯ ಕಡೆಗೆ ಇಷ್ಟೇ ಇಷ್ಟು ಸರಿಯಿತು, ಜಾರಿತು, ಮತ್ತೆ ಸರಿಯಿತು. ಬಲಹಿಮ್ಮಡಿ ಹಾಸಿಗೆಗೆ ಅಂಟಿಕೊಂಡೇ ಇತ್ತು.

"ಎದ್ದಿತಾ?" ಪೋಸ್ಟಣ್ಣ ಕೇಳಿದ. ಅವನು ಕಾಲು ನೋಡುತ್ತಿರಲಿಲ್ಲ, ಸೂರು ನೋಡುತ್ತಿದ್ದ.

"ಇಲ್ಲ," ಅಂದಳು. "ಕೂದಲೆಳೆಯಷ್ಟೂ ಇಲ್ಲ."

ಅವನು ಉಸಿರು ಎಳೆದುಕೊಂಡ. ಅವಳು ಕಾದಳು. ಅವನು ಹೆದರಿದ್ದು ಇದಕ್ಕೇ, ಅದು ಬಂದು ಎದುರಿಗೆ ನಿಂತಿತ್ತು. ಕೋಣೆ ಹಾಗೇ ಇತ್ತು, ಚಹಾದ ಲೋಟ ಹಾಗೇ ಇತ್ತು, ಯಾರೂ ಸೀರೆ ಎತ್ತಿ ದಾಟಿಹೋಗಲಿಲ್ಲ. ಅವಳಿಗೆ ತಡೆಯಲಾಗದೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

"ಮತ್ಯಾಕೇ ನಗ್ತೀಯಾ?"

"ಕೈ ಬಿಡ್ರೀ ಮೊದಲು. ಬೆರಳು ಮುರೀತಿದೆ."

ಅವನು ತಲೆಯೆತ್ತಿ ಕೆಳಗೆ ನೋಡಿದ. ಅವಳ ಕೈ ಮಣಿಕಟ್ಟಿನವರೆಗೆ ಅವನ ಎಡಗಾಲಿನಡಿ ಮಾಯವಾಗಿತ್ತು. ಅಷ್ಟು ಭಾರ ಹಾಕಿದವನು ತಾನೇ ಎಂದು ನಂಬಿಕೆ ಬರದವನ ಹಾಗೆ ನೋಡಿದ, ಆಮೇಲೆ ಆಚೆ ಮಲಗಿದ್ದ ಬಲಗಾಲನ್ನು ಮೊದಲ ಸಲ ಕಂಡವನ ಹಾಗೆ ನೋಡಿದ.

"ಸ್ವಲ್ಪ ತಡ್ಕೋ," ಅಂದ, ಕಣ್ಣು ಮುಚ್ಚದೆ. "ಇನ್ನೊಂದ್ಸಲ ನೋಡ್ತೀನಿ."